ಬೂದಿದಿಬ್ಬದ ಕೆಳಗಣ ಬಳ್ಳಾರಿ

ಹಳೆಯ ಇಗರ್ಜಿಯ ನೆಲವನ್ನು ಅಗೆದಲ್ಲಿ ಅಸ್ಥಿಗಳೊಡನೆ ಕಥೆಗಳೂ ಹೊರಬರುವುದುಂಟು. ಗೋವೆಯ ಸಂತ ಆಗಸ್ಟೀನರ ಇಗರ್ಜಿಯ ಅವಶೇಷಗಳ ನಡುವೆ ಪುರಾತತ್ತ್ವ ಇಲಾಖೆಯವರಿಗೆ ದೊರೆತ ಅಸ್ಥಿಖಂಡವು 1624ರಲ್ಲಿ ಪಾರಸೀಕದ ಶಿರಾಜಿನಲ್ಲಿ ಹತಳಾದ ಜಾರ್ಜಿಯದ ರಾಣಿ ಕೆತೆವಾನಳದೇ ಇರಬೇಕೆಂದು ಹೈದರಾಬಾದಿನ ವಿಜ್ಞಾನಿಗಳು ತರ್ಕಿಸಿದ ಮೇಲೆ, 2021ರಲ್ಲಿ ಅದು ಅವಳ ನಾಡನ್ನು ಸೇರಿತು. ನಮ್ಮ ಬಳ್ಳಾರಿ ಸೀಮೆಯಲ್ಲಾದರೋ ಅಗೆಯಲು ಇಗರ್ಜಿಯೂ ಬೇಕಿಲ್ಲ, ದೇಗುಲವೂ ಬೇಕಿಲ್ಲ. ಕುಡತಿನಿಯ ಬೂದಿದಿಬ್ಬವೇ ಸಾಕು.

ರಾಕ್ಷಸರು ಸುಟ್ಟುಹೋದ ಬೂದಿಯಿದು ಎಂದು ಜನ ತಲೆಮಾರುಗಳಿಂದ ನಂಬಿ ಬಂದ ಈ ಬಗೆಯ ದಿಬ್ಬಗಳನ್ನು ಕುರಿತು ಕಂಪನಿ ಸರ್ಕಾರದ ಸೇನಾಧಿಕಾರಿ ನ್ಯೂಬೋಲ್ಡ್ 1843ರಲ್ಲಿ ಬರೆದನು. ಆದರೆ ಅದು ಅಸುರರ ಬೂದಿಯಲ್ಲ, ದನದ ಹಟ್ಟಿಗಳಲ್ಲಿ ರಾಶಿಬಿದ್ದ ಸಗಣಿಯು ಬೆಂದು ಕಿಟ್ಟದಂತೆ ಗಟ್ಟಿಯಾದದ್ದು ಎಂಬ ವಿಚಾರವನ್ನು ಬಲವಾಗಿ ಮಂಡಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಪಲ್ಲಾವರದಲ್ಲಿ ಭಾರತದ ಪ್ರಾಚೀನ ಶಿಲಾಯುಗದ ಮೊದಲ ಆಯುಧವನ್ನು ಗುರುತಿಸಿದವನೂ ಇವನೇ. ಬೂದಿಯ ರಹಸ್ಯವನ್ನು ಹೇಳಿದ ಈ ಮಹಾಶಯನ ಬೂದಿ, ಅವನು 1912ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ತರುವಾಯ, ಯೇರ್ಕಾಡಿನ ಹೋಲಿ ಟ್ರಿನಿಟಿ ಇಗರ್ಜಿಯನ್ನು ಸೇರಿತೆಂಬುದು ವಿಧಿಯ ಒಂದು ವಿನೋದವೇ ಸರಿ. ಫೂಟನ ಮಾತಿಗೆ ನೆಲದ ಸಾಕ್ಷ್ಯ ದೊರೆತದ್ದು 1957ರಲ್ಲಿ. ರೇಮಂಡ್ ಆಲ್ಚಿನ್ ಉತ್ನೂರಿನ ದಿಬ್ಬವನ್ನು ಅಗೆಸಿದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಾಣಿಸಿದವು.

ದಿಬ್ಬದಿಂದ ಗುಡ್ಡಕ್ಕೆ ಬರೋಣ. ಬಳ್ಳಾರಿ ನಗರಕ್ಕೆ ಅನತಿದೂರದ ಸಂಗನಕಲ್ಲಿನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಬೆಂಡಪೂಡಿ ಸುಬ್ಬರಾಯರು 1940ರ ದಶಕದಲ್ಲಿ ಉತ್ಖನನ ನಡೆಸಿ, ನವಶಿಲಾಯುಗದ ರೈತರ ಬಾಳನ್ನು ಪದರಪದರವಾಗಿ ಬಿಡಿಸಿಟ್ಟರು; ಅನಂತರ ಅನ್ಸಾರಿಯವರೂ ಎಂ.ಎಸ್. ನಾಗರಾಜರಾಯರೂ ಅದೇ ಕಾರ್ಯವನ್ನು ಮುಂದುವರಿಸಿದರು. ಹಿರೇಗುಡ್ಡದಲ್ಲಿ ಕರಿಯ ಡೋಲರೈಟ್ ಶಿಲೆಯಿಂದ ಕೊಡಲಿಗಳನ್ನು ತಯಾರಿಸುತ್ತಿದ್ದ ಕಮ್ಮಟವಿತ್ತು. ಕುಪ್ಪಗಲ್ಲಿನ ಬಂಡೆಗಳ ಮೇಲೆ ಇಂದಿಗೂ ಡುಬ್ಬದ ಗೂಳಿಗಳು ನಿಂತಿವೆ, ಕೆಲವು ಬಂಡೆಗಳು ತಟ್ಟಿದರೆ ಗಂಟೆಯಂತೆ ನಿನದಿಸುತ್ತವೆ. ಸುಟ್ಟ ಧಾನ್ಯಗಳನ್ನು ಮಣ್ಣಿನಿಂದ ತೇಲಿಸಿ ತೆಗೆದು ಪರೀಕ್ಷಿಸಿದ ಡೋರಿಯನ್ ಫುಲ್ಲರ್ ಮೊದಲಾದವರು ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದರು. ಕುರುಗೋಡಿನ ಮಣ್ಣೂ ಈ ಪರೀಕ್ಷೆಗೆ ಒಳಗಾಯಿತು. ಮುಂದೆ ಸಿಂದರ ರಾಜಧಾನಿಯಾದ ಆ ಊರಿನಲ್ಲಿ ಇಂದು ದೊಡ್ಡಬಸವೇಶ್ವರನೇ ಒಡೆಯನಾಗಿರುವುದನ್ನು ನೋಡಿದರೆ, ದನಗಾಹಿಗಳ ನಾಡಿಗೆ ಬಸವನೇ ಪ್ರಭುವಾದುದು ಎಷ್ಟು ಸಹಜವೆಂದು ನನಗೆ ತೋರುತ್ತದೆ.

ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಲ್ಲಿ ನಾಗರಾಜರಾಯರು 1963-64ರಲ್ಲಿ ಅಗೆಸಿದ ಗುಡ್ಡದ ವಸತಿಯೇ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವಂಥದು. ಗುಂಡು ಕಲ್ಲುಗಳ ನಡುವಿನ ಸಮತಟ್ಟಾದ ಜಾಗಗಳಲ್ಲಿ ದುಂಡನೆಯ ಗುಡಿಸಲುಗಳು, ಕಲ್ಲಿನ ಕೊಡಲಿಗಳು, ಒಂದಿಷ್ಟು ತಾಮ್ರ, ಚಿನ್ನದ ಸಣ್ಣ ಆಭರಣವೂ ದೊರೆತು, ಎಳೆಯ ಶಿಶುಗಳನ್ನು ಮಡಕೆಗಳಲ್ಲಿಟ್ಟು ವಸತಿಯೊಳಗೇ ಹೂಳಿದ್ದರೆಂದೂ ತಿಳಿದುಬಂತು. ಸತ್ತ ಮಗುವನ್ನು ಮನೆಯ ಬಳಿಯೇ ಇರಿಸಿಕೊಂಡ ಆ ತಾಯಂದಿರು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದವರು. ಇದೇ ಸಿರುಗುಪ್ಪದ ನಿಟ್ಟೂರು, ಉದೇಗೋಳಗಳ ಬಂಡೆಗಳ ಮೇಲೆ ಅಶೋಕನ ಹೆಸರನ್ನು ಕೊರೆಯುವ ಹೊತ್ತಿಗೆ ಅವರು ಆಗಲೇ ಪುರಾತನರಾಗಿದ್ದರು.

ರಾಕ್ಷಸರ ಕಥೆ ಸುಳ್ಳಾಯಿತೆಂದು ಖೇದಪಡಬೇಕಾಗಿಲ್ಲ. ಅದರ ಸ್ಥಾನಕ್ಕೆ ಬಂದ ದನಗಾಹಿಯ ಕಥೆ ಅದಕ್ಕಿಂತ ದೊಡ್ಡದು. ಖೇದಪಡಬೇಕಾದುದು ಕಲ್ಲುಗಣಿಯ ಕುರಿತು: ಗೂಳಿಯ ಚಿತ್ರವಿದ್ದ ಬಂಡೆ ಒಮ್ಮೆ ಜಲ್ಲಿಯಾದ ಮೇಲೆ ಅದನ್ನು ಯಾವ ಉತ್ಖನನವೂ ಮರಳಿ ತಾರದು. ಸಂಗನಕಲ್ಲಿನ ವಸ್ತುಗಳನ್ನು ಬಳ್ಳಾರಿಯಲ್ಲಿ ಫೂಟನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ, ಗುಡ್ಡಗಳನ್ನು ಉಳಿಸುವಂತೆ ಅಧಿಕಾರಿಗಳನ್ನು ಕೇಳಿರಿ.