ಬೇಜಾರಿಗೆ ಮದ್ದು ಹುಡುಕಿದ ಬಗೆ

ಶಿವಾಜಿನಗರದ ಬಸ್ ನಿಲ್ದಾಣದಿಂದ ಬೌರಿಂಗ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಚೀಟಿ ಮಾಡಿಸುವ ಕಿಟಕಿಯ ಮುಂದೆ ಹೆಂಗಸರ ಸಾಲು ಬೆಳೆದಿರುತ್ತದೆ. ಆ ಸಾಲಿನ ಪಕ್ಕ ಸ್ವಲ್ಪ ಹೊತ್ತು ನಿಂತರೆ ಒಂದೇ ದೂರು ಮೂರು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಹಲಸೂರಿನ ಕಡೆಯಾಕೆ ತಮಿಳಿನಲ್ಲಿ ಮೈಯೆಲ್ಲ ನೋವು ಎನ್ನುತ್ತಾಳೆ. ಟ್ಯಾನರಿ ರಸ್ತೆಯಾಕೆ ದಖನಿಯಲ್ಲಿ 'ಘಬ್ರಾಟ್' ಎನ್ನುತ್ತಾಳೆ. ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ ಬಂದಾಕೆ, 'ತಲೆ ಭಾರ, ಎದೆ ಹಿಡಿದಂಗಾಗುತ್ತೆ, ಕೈಕಾಲಲ್ಲಿ ಶಕ್ತೀನೇ ಇಲ್ಲ' ಎನ್ನುತ್ತಾಳೆ. ರಕ್ತ ಪರೀಕ್ಷೆ ಆಗುತ್ತದೆ, ಬಿಪಿ ನೋಡುತ್ತಾರೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ. ಹದಿನೈದು ದಿನಕ್ಕೆ ಆಕೆ ಮತ್ತೆ ಅದೇ ಸಾಲಿನಲ್ಲಿ ಇರುತ್ತಾಳೆ.

ಖಿನ್ನತೆ ಎಂಬ ಮಾತು ಆ ಸಾಲಿನಲ್ಲಿ ಹುಟ್ಟುವುದಿಲ್ಲ. ಅದು ಪತ್ರಿಕೆಯ ಮಾತು, ನಮ್ಮಂಥವರು ಬರೆಯುವ ಮಾತು. ಮನೆಯಲ್ಲಿ ಹೇಳುವುದು ಬೇಜಾರು, ಅಥವಾ ಸುಸ್ತು. ತಲೆಭಾರ ಎಂದವರೆಲ್ಲ ಖಿನ್ನರಲ್ಲ. ನಿಜವಾದ ರಕ್ತಹೀನತೆಯೂ ಥೈರಾಯ್ಡ್ ತೊಂದರೆಯೂ ಅದೇ ಸಾಲಿನಲ್ಲಿರುತ್ತವೆ. ಆದರೆ ಕೆಲವರ ತಲೆಭಾರದ ಒಳಗೆ ಬೇರೊಂದು ಕಾಯಿಲೆ ಇದೆ, ಅದನ್ನು ಗುರುತಿಸಬಹುದು, ವಾಸಿ ಮಾಡಬಹುದು ಎನ್ನುವುದನ್ನು ಈ ಊರಿನ ವೈದ್ಯರು ಹಂತಹಂತವಾಗಿ ಕಲಿತರು. ಹಾಗೆ ಕಲಿಯಲು ಐವತ್ತು ವರ್ಷ ಹಿಡಿಯಿತು.

ದಂಡು ಪ್ರದೇಶದಲ್ಲಿ ಹೆಂಗಸರು ಆಸ್ಪತ್ರೆಯ ಹೊಸಿಲು ದಾಟಿದ್ದೇ ಮೊದಲು ದೊಡ್ಡ ಸಂಗತಿ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನ ಆಸ್ಪತ್ರೆ 1868ರಲ್ಲಿ ಶುರುವಾಯಿತು. ಆಮೇಲೆ ಹೆಂಗಸರಿಗೆಂದು ಲೇಡಿ ಕರ್ಜನ್ ಹೆಸರಿನ ವಿಭಾಗ ಸೇರಿಕೊಂಡಿತು. ಅದೇ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಹೆಸರಿನ ಗೋಷಾ ಆಸ್ಪತ್ರೆ ಇದೆ. ಗೋಷಾ ಎಂದರೆ ಪರದೆ. ಪರಪುರುಷನ ಮುಂದೆ ನಾಡಿ ಹಿಡಿಸಿಕೊಳ್ಳದ ಹೆಂಗಸರು ಹೆರಿಗೆಗಾದರೂ ಬರಲಿ ಎಂದು ಕಟ್ಟಿದ ಆಸ್ಪತ್ರೆ ಅದು. ಇವೆಲ್ಲ ಹೆರಿಗೆ, ಜ್ವರ, ಗಾಯದ ಆಸ್ಪತ್ರೆಗಳು. ಮನಸ್ಸಿನ ಕಾಯಿಲೆಯವರಿಗೆ ಇದ್ದದ್ದು ಬೇರೆ ಜಾಗ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ ಬೆಂಗಳೂರಿನ ಹುಚ್ಚಾಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದರು. ಅವರ ದಿನಚರಿಗಳನ್ನು ನಿಮ್ಹಾನ್ಸ್‌ನ ಡಾ. ಸಂಜೀವ್ ಜೈನ್ ಮತ್ತು ಸಂಗಡಿಗರು 2001ರಲ್ಲಿ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಆ ಆಸ್ಪತ್ರೆಯೇ 1937ರಲ್ಲಿ ಲಕ್ಕಸಂದ್ರದ ಹೊಸ ಕಟ್ಟಡಕ್ಕೆ ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಶಿವಾಜಿನಗರದಿಂದ ಅಲ್ಲಿಗೆ ಏಳೆಂಟು ಕಿಲೋಮೀಟರ್. ಆದರೆ ಮದುವೆಗೆ ಬಂದ ಮಗಳಿರುವ ಮನೆಗೆ ಆ ಏಳೆಂಟು ಕಿಲೋಮೀಟರ್ ಎಷ್ಟು ದೂರ ಎನ್ನುವುದು ನಮಗೆಲ್ಲ ಗೊತ್ತು.

ಖಿನ್ನತೆಗೆ ಮಾತ್ರೆ ಸಿಕ್ಕಿದ್ದು ಆಕಸ್ಮಿಕವಾಗಿ. ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಬೇರೆ ಕಾಯಿಲೆಗೆಂದು ಕೊಟ್ಟು ನೋಡಿದ ಇಮಿಪ್ರಮಿನ್ ಎಂಬ ಔಷಧ ಆ ಕಾಯಿಲೆಗೆ ನಾಟಲಿಲ್ಲ, ಖಿನ್ನರಾದವರನ್ನು ಎಬ್ಬಿಸಿ ಕೂರಿಸಿತು. ಅವರು ಅದನ್ನು ಪ್ರಕಟಿಸಿದ್ದು 1957ರಲ್ಲಿ. ಅದಕ್ಕೆ ಮೊದಲಿಂದಲೂ ತೀವ್ರ ಖಿನ್ನತೆಗೆ ಇದ್ದ ಚಿಕಿತ್ಸೆ ಶಾಕ್, ನಮ್ಮ ಜನ 'ಕರೆಂಟ್ ಕೊಡೋದು' ಎನ್ನುವುದು. ಎರಡರಲ್ಲಿ ಯಾವುದು ಮೇಲು? ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್, ಆರ್.ಎಲ್. ಕಪೂರ್, ಕಲ್ಯಾಣಸುಂದರಂ ಸೇರಿ ಮಾಡಿದ ಪರೀಕ್ಷೆ 1982ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಬಂತು. ಅದನ್ನು ಮಾಡಿದ ಕ್ರಮ ನೋಡಿ. ಒಂದು ಗುಂಪಿಗೆ ನಿಜವಾದ ಶಾಕ್, ಜೊತೆಗೆ ಮದ್ದಿಲ್ಲದ ಹುಸಿ ಮಾತ್ರೆ. ಇನ್ನೊಂದು ಗುಂಪಿಗೆ ನಿಜವಾದ ಇಮಿಪ್ರಮಿನ್, ಜೊತೆಗೆ ವಿದ್ಯುತ್ ಹರಿಸದ ಹುಸಿ ಶಾಕ್. ಯಾರಿಗೆ ಯಾವುದು ನಿಜ ಎನ್ನುವುದು ರೋಗಿಗೂ ಗೊತ್ತಿಲ್ಲ, ಅವರ ಸ್ಥಿತಿಯನ್ನು ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಹನ್ನೆರಡು ವಾರದ ಕೊನೆಗೆ ಎರಡೂ ಸಮ ಎಂದು ಕಂಡುಬಂತು. ಶಾಕ್‌ನ ಗುಣ ಬೇಗ ಕಾಣಿಸಿತ್ತು, ಅಷ್ಟೆ. ನಮ್ಮ ಸಿನಿಮಾಗಳು ರಾಕ್ಷಸ ಮಾಡಿಟ್ಟ ಚಿಕಿತ್ಸೆಯನ್ನು ಭಯವೂ ಭಕ್ತಿಯೂ ಇಲ್ಲದೆ ತೂಗಿ ನೋಡಿದ ಕೆಲಸ ಅದು.

ಇದೇ ಕಪೂರ್ ಅದಕ್ಕೂ ಮೊದಲು ಉಡುಪಿ ಬಳಿಯ ಕೋಟದಲ್ಲಿ ಕೆಲಸ ಮಾಡಿದವರು. ಮನೋವೈದ್ಯ ಮೋರಿಸ್ ಕಾರ್‌ಸ್ಟೇರ್ಸ್ ಜೊತೆ ಸೇರಿ ಅಲ್ಲಿನ ಮನೆಮನೆಗೆ ಹೋಗಿ ಕೇಳಿ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಜನ ತಮ್ಮ ಸಂಕಟವನ್ನು ಯಾರ ಹತ್ತಿರ ಒಯ್ಯುತ್ತಾರೆ? ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ಇವರೆಲ್ಲರ ಬಾಗಿಲನ್ನೂ ಅವರು ನೋಡಿದ್ದರು. ಪರದೇಶದ ಪ್ರಶ್ನಾವಳಿ ತಂದು ಇಲ್ಲಿ ಓದಿದರೆ ಸಾಲದು, ಇಲ್ಲಿನ ಜನ ಸಂಕಟವನ್ನು ಆಡುವ ಮಾತಿನಲ್ಲೇ ಪ್ರಶ್ನೆ ಹುಟ್ಟಬೇಕು ಎನ್ನುವ ಎಚ್ಚರ ಆ ಕೆಲಸದಲ್ಲಿತ್ತು. ನನಗೆ ಕೇಳಿದರೆ, ಇಮಿಪ್ರಮಿನ್ ಮಾತ್ರೆಯಷ್ಟೇ ಮುಖ್ಯ ಈ ಎಚ್ಚರ.

ಅದು ಪೂರ್ತಿ ಫಲ ಕೊಟ್ಟದ್ದು 1996ರಲ್ಲಿ. ನಿಮ್ಹಾನ್ಸ್‌ನ ಆರ್. ರಘುರಾಂ, ಎಸ್.ಎಂ. ಚನ್ನಬಸವಣ್ಣ ಅವರು ಮಿಚೆಲ್ ವೈಸ್ ಮೊದಲಾದವರ ಜೊತೆ ಹೊರರೋಗಿ ವಿಭಾಗದ 80 ಮಂದಿಯನ್ನು ಕೂರಿಸಿಕೊಂಡು ನಿಧಾನವಾಗಿ ಮಾತಾಡಿಸಿದರು. ನಿಮ್ಮ ತೊಂದರೆಗೆ ನೀವು ಏನೆನ್ನುತ್ತೀರಿ, ಅದು ಯಾಕೆ ಬಂತು ಎನ್ನುತ್ತೀರಿ, ಇದು ನಾಲ್ಕು ಜನಕ್ಕೆ ಗೊತ್ತಾದರೆ ಏನಾಗುತ್ತದೆ ಎನ್ನುವ ಧಾಟಿಯ ಮಾತುಕತೆ. ಸಿಕ್ಕ ಉತ್ತರ ಬೌರಿಂಗಿನ ಸಾಲನ್ನು ಅರ್ಥ ಮಾಡಿಸುತ್ತದೆ. ಮನಸ್ಸಿನ ದುಃಖವನ್ನೇ ಹೇಳಿಕೊಂಡವರಲ್ಲಿ ನಾಚಿಕೆ, ಕಳಂಕದ ಭಯ ಹೆಚ್ಚು. ಮೈನೋವನ್ನು ಮುಂದೆ ಮಾಡಿದವರಲ್ಲಿ ಅದು ಕಡಿಮೆ. ತಲೆನೋವು ಯಾರಿಗೆ ಬರುವುದಿಲ್ಲ? ಅದನ್ನು ಹೇಳಿದರೆ ಯಾರೂ ಕಣ್ಣರಳಿಸುವುದಿಲ್ಲ. ಬದುಕು ಬೇಡವಾಗಿದೆ ಎಂದರೆ ಓಣಿಯೇ ಮಾತಾಡಿಕೊಳ್ಳುತ್ತದೆ.

ಬಹಳ ದಿನ ಪುಸ್ತಕಗಳು ನಮ್ಮ ಹೆಂಗಸರಿಗೆ ತಮ್ಮ ದುಃಖವನ್ನು ಗುರುತಿಸಲು ಬರುವುದಿಲ್ಲ, ಅದಕ್ಕೇ ಮೈನೋವು ಎನ್ನುತ್ತಾರೆ ಎಂಬಂತೆ ಬರೆದವು. ಅದು ತಪ್ಪು. ಅವರಿಗೆ ಚೆನ್ನಾಗಿ ಗೊತ್ತಿದೆ. ಯಾವುದನ್ನು ಯಾರ ಮುಂದೆ ಹೇಳಬೇಕು, ಯಾವುದನ್ನು ಹೇಳಿದರೆ ತಂಗಿಯ ಮದುವೆ ನಿಲ್ಲುತ್ತದೆ ಎನ್ನುವುದೂ ಗೊತ್ತಿದೆ.

2000ದಲ್ಲಿ ನಿಮ್ಹಾನ್ಸ್‌ನಿಂದ ಇನ್ನೊಂದು ಪರೀಕ್ಷೆ ಬಂತು. ಎನ್. ಜಾನಕಿರಾಮಯ್ಯ ಮತ್ತು ಜೊತೆಗಾರರು ತೀವ್ರ ಖಿನ್ನತೆಯಿಂದ ದಾಖಲಾದ 45 ಮಂದಿಯನ್ನು ಹದಿನೈದರಂತೆ ಹಂಚಿ ಶಾಕ್, ಇಮಿಪ್ರಮಿನ್, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗ, ಮೂರನ್ನೂ ಹೋಲಿಸಿದರು. ನಾಲ್ಕು ವಾರದಲ್ಲಿ ಕಾಯಿಲೆ ಶಮನವಾದವರು ಕ್ರಮವಾಗಿ ಶೇ 93, 73 ಮತ್ತು 67. ಯೋಗವೇ ಎಲ್ಲಕ್ಕೂ ಮದ್ದು ಎಂದು ವೇದಿಕೆ ಮೇಲೆ ಹೇಳುವವರು ಕೊನೆಯ ಸಂಖ್ಯೆಯನ್ನಷ್ಟೇ ಹಿಡಿಯುತ್ತಾರೆ. ಮೊದಲ ಸಂಖ್ಯೆಯನ್ನೂ, ಗುಂಪಿಗೆ ಹದಿನೈದೇ ಜನ ಎನ್ನುವುದನ್ನೂ ಸೇರಿಸಿ ಓದಬೇಕು. ಯೋಗ ಸಿಕ್ಕಿತೆಂದು ನಡೆಯುತ್ತಿದ್ದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದವರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ.

ಹೆಂಗಸರ ವಿಷಯದಲ್ಲಿ ವೈದ್ಯಕೀಯ ಸಂಶೋಧನೆಗೆ ಜಗತ್ತಿನಲ್ಲೆಲ್ಲ ಒಂದು ಹಳೆಯ ಸಾಲವಿದೆ. ಖಿನ್ನತೆ ಗಂಡಸರಿಗಿಂತ ಹೆಂಗಸರಿಗೆ ಸುಮಾರು ಎರಡು ಪಟ್ಟು. ಹಾಗಿದ್ದೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಬಸಿರಾಗುವ ವಯಸ್ಸಿನ ಹೆಂಗಸರನ್ನು ಔಷಧಗಳ ಮೊದಲ ಹಂತದ ಪರೀಕ್ಷೆಗಳಿಂದ ಹೊರಗಿಡಲು ಹೇಳಿತು. ಹೊಟ್ಟೆಯಲ್ಲಿನ ಕೂಸಿಗೆ ಅಪಾಯವಾದೀತೆಂಬ ಕಾಳಜಿ ಅದು. ಆದರೆ ಅದರಿಂದಾಗಿ ಮಾತ್ರೆ ನುಂಗಬೇಕಾದವರ ಮೈಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದೇ ಸರಿಯಾಗಿ ತಿಳಿಯದೆ ಹೋಯಿತು. ಆ ನಿಯಮವನ್ನು ಹಿಂತೆಗೆದುಕೊಂಡದ್ದು 1993ರಲ್ಲಿ. ಬಾಣಂತಿಯರ ಖಿನ್ನತೆಗೆಂದೇ ತಯಾರಾದ ಮೊದಲ ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಅದನ್ನು ಅರವತ್ತು ಗಂಟೆ ರಕ್ತನಾಳಕ್ಕೆ ಹರಿಸಬೇಕಿತ್ತು. ಬೆಲೆಯೂ ನಮ್ಮ ಲೆಕ್ಕಕ್ಕೆ ನಿಲುಕದ್ದಾಗಿತ್ತು.

ಹಲಸೂರಿನಲ್ಲಿ ನಾವಿದ್ದ ಓಣಿಯಲ್ಲಿ ಒಬ್ಬ ಅಕ್ಕ ಎರಡನೆಯ ಹೆಣ್ಣುಮಗುವಿನ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗು ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ, ಗೋಡೆ ನೋಡುತ್ತ ಕೂತಿರುತ್ತಿದ್ದಳು. ಗಾಳಿ ಸೋಕಿದೆ ಎಂದರು, ದೃಷ್ಟಿ ತೆಗೆದರು, ಹೆಣ್ಣು ಹೆತ್ತ ಕೊರಗು ಎಂದರು. ಓಣಿಯ ಹಿರಿಯ ಹೆಂಗಸೊಬ್ಬರು ಮಾತ್ರ, 'ಅವಳಿಗೆ ಮೈ ಸರಿಯಿಲ್ಲ ಕಣ್ರೇ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ' ಎಂದು ಗದರಿಸಿದ್ದು ನನಗೆ ಇಂದಿಗೂ ನೆನಪಿದೆ. ಕನ್ನಡದಲ್ಲಿ 'ಬಾಣಂತಿ ಸನ್ನಿ' ಎಂಬ ಮಾತು ಹಳೆಯದು. ಚಿತ್ತವೇ ಕಲಕಿದ ತೀವ್ರ ಸ್ಥಿತಿಗೆ ಆ ಹೆಸರು. ಆದರೆ ಸದ್ದಿಲ್ಲದೆ ಗೋಡೆ ನೋಡುವ ಬಾಣಂತಿಗೆ ನಮ್ಮಲ್ಲಿ ಹೆಸರಿರಲಿಲ್ಲ. ಮನೋವೈದ್ಯ ವಿಕ್ರಂ ಪಟೇಲ್ ಅವರ ತಂಡ 2002ರಲ್ಲಿ ಗೋವಾದ ಒಂದು ಆಸ್ಪತ್ರೆಯ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆ ಇರುವುದನ್ನು ತೋರಿಸಿತು. ಬಡತನ, ಗಂಡನ ಹೊಡೆತ, ಹೆಣ್ಣು ಹುಟ್ಟಿತೆಂಬ ಅಸಮಾಧಾನ ಇದ್ದಲ್ಲಿ ಅದು ಹೆಚ್ಚು. ಆಮೇಲೆ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯ 2017ರ ಲೇಖನವೂ ಶೇ 22 ಎಂದಿತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು.

ಬಾಣಂತಿಯನ್ನು ಮನೋರೋಗದ ವಾರ್ಡಿಗೆ ಸೇರಿಸಿದರೆ ಹಸುಗೂಸು ಮನೆಯಲ್ಲಿ ಉಳಿಯುತ್ತದೆ, ಹಾಲು ಬತ್ತುತ್ತದೆ. ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಕ್ರಮ ಇಂಗ್ಲೆಂಡಿನಲ್ಲಿ 1948ರಿಂದ ಇತ್ತು. ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ ನಿಮ್ಹಾನ್ಸ್ ಅದನ್ನು 2009ರಲ್ಲಿ ಇಲ್ಲಿಗೆ ತಂದಿತು. ಐದು ಹಾಸಿಗೆಯ ತಾಯಿ-ಮಗು ಘಟಕ, ನಮ್ಮ ದೇಶದಲ್ಲೇ ಮೊದಲನೆಯದು. ಅಲ್ಲಿಯಂತೆ ಇಲ್ಲಿ ಬರೀ ದಾದಿಯರ ಮೇಲೆ ಬಿಡದೆ, ಬಾಣಂತಿಯ ತಾಯಿಯೋ ಅತ್ತೆಯೋ ಜೊತೆಯಲ್ಲೇ ಉಳಿಯುವಂತೆ ಮಾಡಿದರು. ಬಾಣಂತನ ಗೊತ್ತಿರುವ ನಾಡಿಗೆ ಇದು ಎಷ್ಟು ಸಹಜ! ಎಣ್ಣೆ ನೀರು ನೋಡಿಕೊಳ್ಳುವ ಅಜ್ಜಿಯ ಕಣ್ಣೆದುರಿಗೇ ಮಗಳು ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಾಳೆ. ಹಾಗೆ ಕಂಡ ಅಜ್ಜಿ ಊರಿಗೆ ಹೋಗಿ ಗಾಳಿ ಸೋಕಿತ್ತು ಎನ್ನಲಾರಳು.

ಪ್ರಶ್ನೆ ಕೇಳುವ ಕೆಲಸವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕನ್ನಡಕ್ಕೆ ಬಂತು. 1987ರಲ್ಲಿ ಎಡಿನ್‌ಬರೋದಲ್ಲಿ ಬಾಣಂತಿಯರಿಗೆಂದು ಹತ್ತು ಪ್ರಶ್ನೆಗಳ ಒಂದು ಪಟ್ಟಿ ತಯಾರಾಗಿತ್ತು. ಅದು ಹಿಂದಿನ ಏಳು ದಿನದ ಬಗ್ಗೆ ಕೇಳುತ್ತದೆ: ನಗು ಬರುತ್ತಿದೆಯೇ, ತಪ್ಪೆಲ್ಲ ತನ್ನದೇ ಅನಿಸುತ್ತಿದೆಯೇ, ಸುಮ್ಮಸುಮ್ಮನೆ ಭಯವಾಗುತ್ತಿದೆಯೇ, ಅಳು ಬರುತ್ತಿದೆಯೇ. ಮೈನೋವು, ಸುಸ್ತಿನ ಮಾತೇ ಅದರಲ್ಲಿಲ್ಲ, ಏಕೆಂದರೆ ಬಸುರಿ ಬಾಣಂತಿಗೆ ಸುಸ್ತು ಇದ್ದದ್ದೇ. ಸಂಕಟವನ್ನು ಮೈಯ ಮಾತಿನಲ್ಲಿ ಹೇಳುವ ನಮ್ಮ ಹೆಂಗಸರ ಹತ್ತಿರ ಇದು ನಡೆಯುತ್ತದೆಯೇ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಕೆ. ಶ್ರೀನಿವಾಸನ್ ಮತ್ತು ಸಂಗಡಿಗರು ಗ್ರಾಮೀಣ ಕರ್ನಾಟಕದ 194 ಬಸುರಿಯರನ್ನು ಕನ್ನಡದಲ್ಲೇ ಕೇಳಿ ನೋಡಿದರು. 2011ರಲ್ಲಿ ಬಂದ ಉತ್ತರ: ನಡೆಯುತ್ತದೆ. 13 ಅಂಕ ಅಥವಾ ಅದಕ್ಕೂ ಮೇಲೆ ಬಂದರೆ ವೈದ್ಯರು ಕೂತು ಮಾತಾಡಿಸಬೇಕು. ಎಂದರೆ ಬಿಡುವು ಮಾಡಿಕೊಂಡು, ಅವಳ ಮಾತಿನಲ್ಲಿ, ಮರ್ಯಾದೆಯಿಂದ ಕೇಳಿದರೆ ಆಕೆ ಹೇಳುತ್ತಾಳೆ.

ಅದೇ ಸೇಂಟ್ ಜಾನ್ಸ್ ತಂಡ, ಕ್ಯಾಲಿಫೋರ್ನಿಯಾದ ಮರಿಯಾ ಎಕ್‌ಸ್ಟ್ರಾಂಡ್ ಜೊತೆಗೂಡಿ, ಮುಂದೆ ರಾಮನಗರ ಜಿಲ್ಲೆಯ 49 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 2,486 ಮಂದಿಯೊಂದಿಗೆ ದೊಡ್ಡ ಪರೀಕ್ಷೆ ನಡೆಸಿತು. ಖಿನ್ನತೆಯ ಜೊತೆ ಬಿಪಿ, ಸಕ್ಕರೆ ಕಾಯಿಲೆಯಂಥವೂ ಇದ್ದವರು, ಹೆಚ್ಚಿನವರು ಹೆಂಗಸರು. ಮನೋವೈದ್ಯರನ್ನು ಹಳ್ಳಿಗೆ ಕಳಿಸುವುದು ಅಲ್ಲಿನ ಉದ್ದೇಶವಲ್ಲ. ಅಲ್ಲಿರುವ ಡಾಕ್ಟರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಬಿಪಿ ಮಾತ್ರೆಗೆ ಬಂದಾಕೆಯ ಮನಸ್ಸಿನ ಕಾಯಿಲೆಯನ್ನೂ ಅಲ್ಲೇ ನೋಡಿಕೊಳ್ಳುವುದು. 2022ರಲ್ಲಿ ಫಲ ಪ್ರಕಟವಾಯಿತು. ಹೀಗೆ ಕೂಡಿ ಆರೈಕೆ ಮಾಡಿದ ಕೇಂದ್ರಗಳಲ್ಲಿ ಖಿನ್ನತೆ ಹೆಚ್ಚು ಇಳಿದಿತ್ತು. ಬಿಪಿ ಚೀಟಿ ಹಿಡಿದು ಬಂದವಳಿಗೆ ಓಣಿಯವರಿಗೆ ವಿವರಣೆ ಕೊಡುವ ಕಷ್ಟವೂ ಇಲ್ಲ.

ಇಷ್ಟು ತಿಳಿದ ಮೇಲೂ ಬಾಕಿ ಬೆಟ್ಟದಷ್ಟಿದೆ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಖಿನ್ನರಾದವರಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ಮದ್ದು ಇದೆ, ಪ್ರಶ್ನೆ ಇದೆ, ಕೇಳಿದರೆ ಉತ್ತರವೂ ಬರುತ್ತದೆ. ಇವು ಮೂರನ್ನೂ ಆ ಕಿಟಕಿಯ ಸಾಲಿಗೆ ತಂದು ಮುಟ್ಟಿಸುವುದು ಸರ್ಕಾರದ ಕೆಲಸ. ಹಲಸೂರು, ಶಿವಾಜಿನಗರ, ಕೆ.ಆರ್. ಪುರದ ಹೆರಿಗೆ ಆಸ್ಪತ್ರೆಗಳಲ್ಲಿ ತಾಯಿ ಕಾರ್ಡಿಗೆ ತೂಕ, ಬಿಪಿ, ರಕ್ತದ ಅಂಶ ಬರೆಯುವಷ್ಟೇ ಕಡ್ಡಾಯವಾಗಿ ಆ ಹತ್ತು ಪ್ರಶ್ನೆಗಳ ಅಂಕವನ್ನೂ ಬರೆಯಲಿ. ಹತ್ತು ನಿಮಿಷದ ಕೆಲಸ. ಅದನ್ನು ಕೇಳುವವರು ಕನ್ನಡ, ತಮಿಳು, ದಖನಿ ಬಲ್ಲ ಹೆಂಗಸರಾಗಿರಲಿ.

ಅಲ್ಲಿಯವರೆಗೆ ಮನೆಯವರೇ ಕೇಳಬೇಕು. ನಿಮ್ಮ ಅಕ್ಕನೋ ಸೊಸೆಯೋ ಎರಡು ವಾರದಿಂದ ನಕ್ಕಿಲ್ಲ, ನಿದ್ದೆಯಿಲ್ಲ, ಮಗುವನ್ನು ಎತ್ತಿಕೊಳ್ಳುತ್ತಿಲ್ಲ ಎಂದಾದರೆ ಪಕ್ಕದಲ್ಲಿ ಕೂತು ವಿಚಾರಿಸಿ. ಸತ್ತು ಹೋಗೋಣ ಅನಿಸುತ್ತಿದೆ ಎಂದರೆ ಅವಳನ್ನು ಒಬ್ಬಳನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಂಖ್ಯೆ 14416.