ಕಾಳಸಂತೆಗೆ ಬಂದ ಸಂಗೀತ

2024ರ ಸೆಪ್ಟೆಂಬರ್ 22ರ ಭಾನುವಾರ ಮಧ್ಯಾಹ್ನ ಬ್ರಿಟನ್ನಿನ ‘ಕೋಲ್ಡ್‌ಪ್ಲೇ’ ತಂಡದ ಮುಂಬೈ ಕಾರ್ಯಕ್ರಮಗಳಿಗೆ ಟಿಕೆಟ್ ಮಾರಾಟ ಆರಂಭವಾಗಬೇಕಿತ್ತು. ಮಾರಾಟಕ್ಕೆ ಮುನ್ನವೇ ‘ಬುಕ್‌ಮೈಶೋ’ ತಾಣ ಜನರ ನೂಕುನುಗ್ಗಲು ತಾಳಲಾರದೆ ಸ್ತಬ್ಧವಾಯಿತು. ಅದು ಚೇತರಿಸಿಕೊಂಡಾಗ ಒಬ್ಬೊಬ್ಬ ಅಭಿಮಾನಿಯ ಮುಂದೆಯೂ ಲಕ್ಷಾಂತರ ಮಂದಿಯ ಸರದಿ ಬೆಳೆದಿತ್ತು. 2,500 ರೂಪಾಯಿಯಿಂದ 35,000 ರೂಪಾಯಿಯವರೆಗೆ ಬೆಲೆ ನಿಗದಿಯಾಗಿದ್ದ ಟಿಕೆಟ್‌ಗಳು ನೋಡನೋಡುತ್ತಿದ್ದಂತೆ ಮುಗಿದವು. ಹೆಚ್ಚುವರಿಯಾಗಿ ಸೇರಿಸಿದ ಮೂರನೆಯ ದಿನದವೂ ಮುಗಿದವು. ಬೆನ್ನಲ್ಲೇ ಬೇರೆ ತಾಣಗಳಲ್ಲಿ ಅವೇ ಟಿಕೆಟ್‌ಗಳು ಹಲವು ಪಟ್ಟು ಬೆಲೆಗೆ, ಕೆಲವಂತೂ ಲಕ್ಷಗಳ ಲೆಕ್ಕದಲ್ಲಿ ಕಾಣಿಸಿಕೊಂಡವು. ಹಾಡು ಕೇಳುವ ಆಸೆಯೇ ಇಲ್ಲದವರು ಹಾಡು ಕೇಳುವವರಿಗಿಂತ ಮುಂದೆ ಸರದಿಯಲ್ಲಿ ನಿಂತಿದ್ದರು.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ ಕುಳಿತವನಿಗೆ ಇದರ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕಾರಣ ಎರಡು. ಒಂದು, ನಮ್ಮ ಸೀಮೆಯ ಹುಡುಗ ಹುಡುಗಿಯರು ಈಗ ಬೆಂಗಳೂರಿನ ಇಂಥ ಕಾರ್ಯಕ್ರಮಗಳ ಸಭಿಕರಾಗಿದ್ದಾರೆ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಹೋಗಿ ಮಾದಾವರದ ಮೈದಾನದಲ್ಲಿ ಎಡ್ ಶೀರನ್ನನ ಹಾಡಿಗೆ ಕೈಯೆತ್ತಿ ಕುಣಿಯಬಲ್ಲರು. ಇನ್ನೊಂದು ಕಾರಣ ನನ್ನ ಕಸುಬಿನದು. ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಬೆಲೆ ಹೇಗೆ ಹುಟ್ಟುತ್ತದೆ, ನಡುವೆ ನಿಂತವನು ಅದನ್ನು ಹೇಗೆ ನುಂಗುತ್ತಾನೆ ಎಂಬುದರ ಪಾಠ ಬಾಲ್ಯದಲ್ಲಿಯೇ ಆಗಿರುತ್ತದೆ.

ಮೊದಲು ಸಭಿಕರ ಮಾತು. ನಮ್ಮ ಭಾಗದಲ್ಲಿ ಸಂಗೀತ ಕೇಳಲು ಟಿಕೆಟ್ ಕೊಳ್ಳುವ ರೂಢಿಯೇ ಇರಲಿಲ್ಲ. ಜಾತ್ರೆಯಲ್ಲಿ, ಊರ ದೇವರ ಉತ್ಸವದಲ್ಲಿ ತಮಟೆ ಮೊಳಗಿದರೆ ಕೇಳುಗನಿಗೂ ವಾದಕನಿಗೂ ನಡುವೆ ಬಾಗಿಲಿರುತ್ತಿರಲಿಲ್ಲ. ಆ ತಮಟೆಯನ್ನೇ ಬದುಕಾಗಿಸಿಕೊಂಡ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ, ಯೋಗಿ ನಾರೇಯಣರ ಮಠದಲ್ಲಿ, ಗುರುಪೂರ್ಣಿಮೆಯ ಹೊತ್ತಿಗೆ ನಡೆಯುವ ಸಂಗೀತೋತ್ಸವ 72 ಗಂಟೆಗಳ ಕಾಲ ಎಡೆಬಿಡದೆ ಸಾಗುತ್ತದೆ. ನಡುರಾತ್ರಿ ಎರಡು ಗಂಟೆಗೂ ಹಾಡುವವರಿರುತ್ತಾರೆ, ಕೇಳುವವರೂ ಇರುತ್ತಾರೆ. ಕೆಲವರು ಕಂಬಕ್ಕೊರಗಿ ನಿದ್ದೆ ಹೋಗಿರುತ್ತಾರೆ ನಿಜ; ಅವರನ್ನು ಎಬ್ಬಿಸಿ ಆಸನದ ಸಂಖ್ಯೆ ಕೇಳುವವರು ಅಲ್ಲಿಲ್ಲ.

ಹಾಗೆಂದು ಟಿಕೆಟ್ಟೇ ತಪ್ಪು ಎನ್ನುವ ಹಟ ನನ್ನದಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಸಂಗೀತೋತ್ಸವಕ್ಕೆ ಟಿಕೆಟ್ ಇತ್ತು. ಆದರೆ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದ ಹೊರಗೆ, ರಸ್ತೆಯ ಬದಿಯಲ್ಲಿ ನಿಂತು ಕೇಳಿದವರ ಒಂದು ದೊಡ್ಡ ಪರಂಪರೆಯೂ ಇದೆ. ದುಡ್ಡಿದ್ದವನು ಕುರ್ಚಿಯಲ್ಲಿ ಕುಳಿತು ಕೇಳಿದ, ಇಲ್ಲದವನು ಬೇಲಿಯಾಚೆ ನಿಂತು ಕೇಳಿದ. ಇಬ್ಬರ ನಡುವೆ ಲಾಭ ಹೊಡೆಯುವ ಮೂರನೆಯವನಿಗೆ ಹೆಚ್ಚು ಜಾಗವಿರಲಿಲ್ಲ. ಆ ಮೂರನೆಯವನನ್ನು ನಾವು ಕಂಡದ್ದು ಸಿನಿಮಾ ಮಂದಿರಗಳ ಮುಂದೆ. ಕೆಂಪೇಗೌಡ ರಸ್ತೆಯಲ್ಲಿ ರಾಜ್‌ಕುಮಾರ್ ಚಿತ್ರ ಬಿಡುಗಡೆಯಾದ ವಾರ ‘ಬ್ಲಾಕ್’ನಲ್ಲಿ ಟಿಕೆಟ್ ಮಾರುವವನು ಮೆಲುದನಿಯಲ್ಲಿ ದರ ಹೇಳಿಕೊಂಡು ಓಡಾಡುತ್ತಿದ್ದ. ಅವನ ಮುಖ ನೋಡಬಹುದಿತ್ತು, ಚೌಕಾಸಿ ಮಾಡಬಹುದಿತ್ತು, ಪೊಲೀಸ್ ಪೇದೆಯ ಲಾಠಿ ಕಂಡರೆ ಅವನೂ ಓಡುತ್ತಿದ್ದ. ಕೊಟ್ಟ ಟಿಕೆಟಂತೂ ಬಹುಪಾಲು ಅಸಲಿಯೇ ಆಗಿರುತ್ತಿತ್ತು. ಈಗಿನವನಿಗೆ ಮುಖವಿಲ್ಲ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮೆಚ್ಚಿನ ಗಾಯಕನೊಬ್ಬನ ಕಾರ್ಯಕ್ರಮಕ್ಕೆ ಅಧಿಕೃತ ತಾಣದಲ್ಲಿ ಟಿಕೆಟ್ ಸಿಗದೆ, ಟೆಲಿಗ್ರಾಮ್ ಗುಂಪೊಂದರಲ್ಲಿ ಪರಿಚಯವಾದವನಿಗೆ 9,000 ರೂಪಾಯಿ ಕಳುಹಿಸಿದ. ಮುಖಬೆಲೆ ಅದರ ಅರ್ಧ. ಮೊಬೈಲಿಗೆ ಟಿಕೆಟ್ ಬಂತು, ಕೋಡ್ ಇತ್ತು, ಎಲ್ಲವೂ ಸರಿಯಾಗಿಯೇ ಕಂಡಿತು. ಮೈದಾನದ ಬಾಗಿಲಲ್ಲಿ ಯಂತ್ರ ಕೆಂಪು ದೀಪ ತೋರಿಸಿತು. ಅದೇ ಕೋಡಿನ ಮೇಲೆ ಯಾರೋ ಆಗಲೇ ಒಳಗೆ ಹೋಗಿದ್ದರು. ಒಂದೇ ಟಿಕೆಟಿನ ಚಿತ್ರವನ್ನು ಎಷ್ಟು ಮಂದಿಗೆ ಮಾರಿದ್ದನೋ. ‘ಒಳಗಿನ ಹಾಡು ಹೊರಕ್ಕೂ ಕೇಳಿಸುತ್ತಿತ್ತು ಮಾಮ, ಎರಡು ಹಾಡು ಕೇಳಿ ಬಂದೆ’ ಎಂದ. ಆ ತಿಂಗಳು ನಮ್ಮ ಮನೆಯ ಗೂಡು ಕಿಲೋಗೆ 600 ರೂಪಾಯಿಗೆ ಹೋಗಿತ್ತು. ಹದಿನೈದು ಕಿಲೋ ಗೂಡಿನ ದುಡ್ಡು ಎಂದು ನನ್ನ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಟ್ಟ. ಸ್ವೀಕೃತಿ ಸಂಖ್ಯೆ ಬಂದಿದೆ.

ಇದು ಅವನೊಬ್ಬನ ಕಥೆಯಲ್ಲ. ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ದೊಸಾಂಜ್ ಕಾರ್ಯಕ್ರಮಗಳ ಟಿಕೆಟ್ ಅಕ್ರಮದ ಸಂಬಂಧ 2024ರ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯ ದೆಹಲಿ, ಮುಂಬೈ, ಜೈಪುರ, ಚಂಡೀಗಢ ಮತ್ತು ಬೆಂಗಳೂರಿನಲ್ಲಿ ಶೋಧ ನಡೆಸಿತು. ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್, ಟೆಲಿಗ್ರಾಮ್ ಮೂಲಕ ಟಿಕೆಟ್‌ಗಳನ್ನು, ನಕಲಿ ಟಿಕೆಟ್‌ಗಳನ್ನೂ ಸೇರಿಸಿ, ಮಾರುವ ಜಾಲಗಳಿವೆ ಎಂದು ಅದು ಹೇಳಿತು. ಆ ವರ್ಷದ ಡಿಸೆಂಬರಿನಲ್ಲಿ ಇಂದೋರಿನ ವೇದಿಕೆಯ ಮೇಲಿಂದಲೇ ದಿಲ್ಜಿತ್, ಕಾಳಸಂತೆಯ ಹೊಣೆ ಕಲಾವಿದನದಲ್ಲ ಎಂಬರ್ಥದ ಮಾತನಾಡಿದರು. ಅದು ಅರ್ಧ ನಿಜ. ಕಲಾವಿದ ಕಾಳಸಂತೆ ನಡೆಸುವುದಿಲ್ಲ; ಆದರೆ ಟಿಕೆಟ್ ಹೇಗೆ ಮಾರಬೇಕೆಂಬ ಕರಾರಿಗೆ ಸಹಿ ಹಾಕುವವರಲ್ಲಿ ಅವನೂ ಒಬ್ಬ.

ಅರ್ಥಶಾಸ್ತ್ರ ಬಲ್ಲ ಗೆಳೆಯರು ಇದಕ್ಕೊಂದು ಉತ್ತರ ಕೊಡುತ್ತಾರೆ. ಆಸನಗಳು ಕಡಿಮೆ, ಬೇಡುವವರು ಹೆಚ್ಚು, ಮುಖಬೆಲೆ ಇರಬೇಕಾದುದಕ್ಕಿಂತ ಕೆಳಗಿದೆ. ದಲ್ಲಾಳಿ ಆ ಅಂತರವನ್ನು ತುಂಬುತ್ತಾನೆ, ಅಷ್ಟೇ ಎನ್ನುತ್ತಾರೆ. ಹಾಗಾದರೆ ಟಿಕೆಟನ್ನು ಬಹಿರಂಗವಾಗಿ ಹರಾಜು ಹಾಕಬಹುದಲ್ಲ? ಹಾಕಿದ್ದೂ ಉಂಟು. 1850ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ನ್ಯೂಯಾರ್ಕಿಗೆ ಬಂದಾಗ ವ್ಯವಸ್ಥಾಪಕ ಪಿ.ಟಿ. ಬಾರ್ನಮ್ ಟಿಕೆಟ್‌ಗಳನ್ನು ಹರಾಜಿಗಿಟ್ಟ. ಮೊದಲ ಟಿಕೆಟನ್ನು ಟೋಪಿ ವ್ಯಾಪಾರಿಯೊಬ್ಬ 225 ಡಾಲರಿಗೆ ಹಿಡಿದ. ಟೋಪಿ ಅಂಗಡಿಗೆ ಬಿಟ್ಟಿ ಪ್ರಚಾರ ಸಿಕ್ಕಿತು ಎಂಬುದು ಬೇರೆ ಮಾತು. ನನಗೆ ಮುಖ್ಯವೆನಿಸುವುದು, ಆ ಹರಾಜಿನಲ್ಲಿ ಕೂಗಿದವನು ಯಾರು, ಕೊಟ್ಟದ್ದೆಷ್ಟು ಎಂಬುದು ಸಭೆಗೆಲ್ಲ ತಿಳಿದಿತ್ತು. ದುಡ್ಡು ಹೋದದ್ದು ಕಾರ್ಯಕ್ರಮ ನಡೆಸುವವರಿಗೆ.

ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ಹರಾಜಿನದೇ. ಗೂಡು ಎಂಬುದು ಟಿಕೆಟಿನಂತೆಯೇ ಅವಧಿ ಮೀರಿದರೆ ಬೆಲೆ ಕಳೆದುಕೊಳ್ಳುವ ಸರಕು. ಚಂದ್ರಿಕೆಯಿಂದ ಬಿಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಮಾರಬೇಕು. ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಅದರಿಂದ ಎಳೆ ತೆಗೆಯಲಾಗದು. ರೈತನ ಈ ಅವಸರವನ್ನು ಬಲ್ಲ ದಲ್ಲಾಳಿ ಮನೆಬಾಗಿಲಿಗೇ ಬಂದು ಕೈಗೆ ಸಿಕ್ಕ ದರಕ್ಕೆ ಎತ್ತಿಕೊಂಡು ಹೋಗುವ ಅಪಾಯ ಇದ್ದೇ ಇತ್ತು. ಅದಕ್ಕೆಂದೇ 1959ರ ರೇಷ್ಮೆ ಬಿತ್ತನೆ, ಗೂಡು ಹಾಗೂ ನೂಲಿನ ನಿಯಂತ್ರಣ ಕಾಯ್ದೆಯ ವ್ಯವಸ್ಥೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ಚಾವಣಿಯಡಿಗೆ ತಂದಿತು. ಕೊಳ್ಳುವ ರೀಲರಿಗೆ ಪರವಾನಗಿ ಬೇಕು. ಪ್ರತಿ ಲಾಟಿಗೂ ಸಂಖ್ಯೆಯಿದೆ, ತೂಕವಿದೆ, ಕೂಗಿದ ದರ ಎಲ್ಲರಿಗೂ ಕಾಣುತ್ತದೆ. ಈಚೆಗೆ ಹರಾಜು ಮೊಬೈಲಿಗೂ ಬಂದಿದೆ. ದರ ಹಿಡಿಸದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಈ ಮಾರುಕಟ್ಟೆಯಲ್ಲಿ ತಕರಾರುಗಳಿಲ್ಲವೆಂದು ನಾನು ಹೇಳಿದರೆ ಊರಿನವರು ನಕ್ಕಾರು. ತೂಕದ ಬಗ್ಗೆ, ಹಣ ತಡವಾಗುವ ಬಗ್ಗೆ ಗೊಣಗದ ರೈತನಿಲ್ಲ. ಆದರೆ ಇಂದು ಎಷ್ಟು ಗೂಡು ಬಂತು, ಯಾವ ದರಕ್ಕೆ ಹೋಯಿತು ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಸಂಗೀತ ಕಾರ್ಯಕ್ರಮದ ವಿಷಯದಲ್ಲಿ ಸಿಗದಿರುವುದು ಈ ಉತ್ತರವೇ. ಮೈದಾನದಲ್ಲಿ ಎಷ್ಟು ಜನರಿಗೆ ಜಾಗವಿದೆ? ಅದರಲ್ಲಿ ಪ್ರಾಯೋಜಕರಿಗೆ ಹೋದದ್ದೆಷ್ಟು, ಗಣ್ಯರ ಪಾಸುಗಳೆಷ್ಟು, ಯಾವುದೋ ಬ್ಯಾಂಕಿನ ಕಾರ್ಡು ಉಳ್ಳವರಿಗೆ ಮುಂಚಿತವಾಗಿ ಮಾರಿದ್ದೆಷ್ಟು, ಕೊನೆಗೆ ಸಾಮಾನ್ಯ ಸರದಿಗೆ ಉಳಿದದ್ದೆಷ್ಟು? ‘ಮುಗಿಯಿತು’ ಎಂಬ ಒಂದೇ ಪದವನ್ನು ಪರದೆಯ ಮೇಲೆ ಕಂಡು ಜನ ಹಿಂದಿರುಗಬೇಕು. ಈ ಕತ್ತಲೆಯಲ್ಲಿಯೇ ದಲ್ಲಾಳಿ ಬೆಳೆಯುವುದು. ಟಿಕೆಟ್ ಸಿಗುವುದೇ ಇಲ್ಲವೆಂಬ ಗಾಬರಿ ಅವನ ನಿಜವಾದ ಬಂಡವಾಳ. ನಮ್ಮ ಹುಡುಗ 9,000 ರೂಪಾಯಿ ಕಳುಹಿಸಿದ್ದು ಆ ಗಾಬರಿಗೆ. ಮರುಮಾರಾಟದಲ್ಲಿ ಹುಟ್ಟಿದ ಹೆಚ್ಚುವರಿ ದುಡ್ಡಿನಲ್ಲಿ ಹಾಡಿದವರಿಗಾಗಲಿ, ಡ್ರಮ್ ಬಾರಿಸಿದವರಿಗಾಗಲಿ, ದೀಪ ಕಟ್ಟಿದ ಕಾರ್ಮಿಕರಿಗಾಗಲಿ ನಯಾಪೈಸೆ ಹೋಗುವುದಿಲ್ಲ. ಸಭೆಯ ಸ್ವರೂಪವೂ ಬದಲಾಗುತ್ತದೆ. ಪ್ರತಿ ಹಾಡೂ ಬಾಯಿಪಾಠವಿದ್ದವನು ಹೊರಗುಳಿದು, ಹತ್ತು ಪಟ್ಟು ತೆತ್ತು ಬಂದದ್ದನ್ನು ಜಗತ್ತಿಗೆ ತೋರಿಸಲು ಮೊಬೈಲ್ ಎತ್ತಿ ಹಿಡಿದವನು ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ.

ಕಾನೂನು ಏನು ಹೇಳುತ್ತದೆ? ರೈಲ್ವೆ ಟಿಕೆಟನ್ನು ಅನಧಿಕೃತವಾಗಿ ಕೊಂಡು ಮಾರುವುದನ್ನು ದಂಧೆಯಾಗಿಸಿಕೊಂಡರೆ 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು. ಸಂಗೀತ ಕಾರ್ಯಕ್ರಮದ ಟಿಕೆಟಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಕಾಳಸಂತೆ ತಡೆಯಲು ಮಾರ್ಗಸೂಚಿ ಬೇಕೆಂದು ಕೋರಿದ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಕಾನೂನು ರೂಪಿಸುವುದು ಶಾಸಕಾಂಗದ ಕೆಲಸ ಎಂಬುದು ಅದರ ನಿಲುವು. ಹಾಗೆಂದು ನಮ್ಮ ಕೈ ಪೂರ್ತಿ ಬರಿದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಸೆಕ್ಷನ್ ಸಣ್ಣ ಪ್ರಮಾಣದ ಸಂಘಟಿತ ಅಪರಾಧಗಳ ಪಟ್ಟಿಯಲ್ಲಿ ಕಳ್ಳತನ, ವಂಚನೆಗಳ ಜೊತೆಗೆ ಟಿಕೆಟ್‌ಗಳ ಅನಧಿಕೃತ ಮಾರಾಟವನ್ನೂ ಹೆಸರಿಸಿದೆ. ಶಿಕ್ಷೆ ಒಂದರಿಂದ ಏಳು ವರ್ಷ. ಆದರೆ ಮಾರುವವನು ಗುಂಪಿನ ಸದಸ್ಯನಾಗಿರಬೇಕು. ಒಂಟಿಯಾಗಿ ಐವತ್ತು ಟಿಕೆಟ್ ಗುಡ್ಡೆ ಹಾಕಿಕೊಂಡವನು ಈ ಬಲೆಯಿಂದ ನುಸುಳುತ್ತಾನೆ. ಅಧಿಕೃತ ಮಾರಾಟ ಯಾವುದು ಎಂದು ಮೊದಲು ಹೇಳದೆ ಅನಧಿಕೃತವಾದುದನ್ನು ಪೊಲೀಸರು ಸಾಬೀತು ಮಾಡುವುದಾದರೂ ಹೇಗೆ?

ಹೊರದೇಶಗಳು ಈ ಪ್ರಶ್ನೆಗೆ ನೇರ ಉತ್ತರ ಕಂಡುಕೊಳ್ಳುತ್ತಿವೆ. ಐರ್ಲೆಂಡ್ 2021ರಲ್ಲಿಯೇ ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ಕಾನೂನಿನಿಂದ ನಿಷೇಧಿಸಿತು. ಅದೇ ದಾರಿ ಹಿಡಿಯುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರಿನಲ್ಲಿ ಘೋಷಿಸಿತು. ಕೊಂಡವನಿಗೆ ಜ್ವರ ಬಂದರೆ ಟಿಕೆಟ್ ಮಾರಲೇಬಾರದೆ ಎಂದು ಕೇಳುವವರಿದ್ದಾರೆ. ಮಾರಲಿ. ಕೊಂಡ ಬೆಲೆಗೆ, ಕೊಂಡ ತಾಣದ ಮೂಲಕವೇ ಮಾರಲಿ. ಹಳೆಯ ಕೋಡ್ ರದ್ದಾಗಿ ಹೊಸಬನ ಹೆಸರಿಗೆ ಹೊಸ ಕೋಡ್ ಬರಲಿ. ಇದರಿಂದ ನಷ್ಟವಾಗುವುದು ದಲ್ಲಾಳಿಗೆ ಮಾತ್ರ.

ಕೋಲ್ಡ್‌ಪ್ಲೇ ತಂಡವೇ ಒಂದು ಉಪಾಯ ಮಾಡಿತ್ತು. 2024ರ ನವೆಂಬರಿನಲ್ಲಿ ಅದು 2,000 ರೂಪಾಯಿಯ ಒಂದಷ್ಟು ಟಿಕೆಟ್‌ಗಳನ್ನು ಬಿಟ್ಟಿತು. ಒಬ್ಬರಿಗೆ ಎರಡೇ, ಕೊಂಡವರು ಖುದ್ದಾಗಿ ಬಂದು ಪಡೆಯಬೇಕು, ಆಸನ ಎಲ್ಲಿ ಎಂಬುದು ಪಡೆದ ಮೇಲೆಯೇ ಗೊತ್ತಾಗುವುದು. ಯಾವ ಆಸನವೆಂದೇ ತಿಳಿಯದ ಟಿಕೆಟಿಗೆ ಕಾಳಸಂತೆಯವನು ಏನೆಂದು ಬೆಲೆ ಕಟ್ಟಿಯಾನು? ಮನಸ್ಸಿದ್ದರೆ ಉಪಾಯಗಳಿವೆ, ಆದರೆ ಬೇಗ ಮುಗಿದ ಟಿಕೆಟ್ ಸಂಘಟಕರಿಗೆ ಒಳ್ಳೆಯ ಜಾಹೀರಾತು, ಹಾಗಾಗಿ ಮನಸ್ಸು ಅಷ್ಟಕ್ಕಷ್ಟೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಸಿನಿಮಾ ಟಿಕೆಟಿಗೆ 200 ರೂಪಾಯಿಯ ಮಿತಿ ಹಾಕಲು ಹೊರಟು ಹೈಕೋರ್ಟಿನ ತಡೆಯಾಜ್ಞೆ ಎದುರಿಸಿತು. ಬೆಲೆಗೆ ಮಿತಿ ಹಾಕುವ ಆ ಉತ್ಸಾಹದ ಕಾಲುಭಾಗವನ್ನಾದರೂ ಮಾರಾಟದ ಲೆಕ್ಕ ಕೇಳುವುದರಲ್ಲಿ ತೋರಿದ್ದರೆ ಚೆನ್ನಿತ್ತು.

ಲೆಕ್ಕ ಕೇಳದೆ ಬಿಟ್ಟರೆ ಆಗುವುದು ಹಣದ ನಷ್ಟ ಮಾತ್ರವಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಅದು ಸಂಗೀತದ ಸಭೆಯಲ್ಲ, ಕ್ರಿಕೆಟ್ ವಿಜಯೋತ್ಸವ. ಅಲ್ಲಿ ದಲ್ಲಾಳಿಯೂ ಇರಲಿಲ್ಲ. ಆದರೆ ಪ್ರವೇಶ ಎಲ್ಲರಿಗೂ ಉಚಿತವೆ, ಪಾಸು ಬೇಕೆ, ಇದ್ದರೆ ಎಷ್ಟು ಮಂದಿಗೆ ಎಂಬ ಗೊಂದಲದಲ್ಲಿಯೇ ಜನ ಬಾಗಿಲುಗಳತ್ತ ನುಗ್ಗಿದ್ದರು. ನಕಲಿ ಟಿಕೆಟ್ ಹಿಡಿದ ಸಾವಿರ ಜನ ಒಂದೇ ಬಾಗಿಲಿಗೆ ಬಂದು ಹಿಂದಿರುಗಲೊಲ್ಲದೆ ನಿಂತರೆ ಏನಾದೀತು ಎಂದು ಊಹಿಸಲು ಕಷ್ಟವೇನಿಲ್ಲ.

ಆ ದುರಂತದ ನಂತರ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು 2025ರ ಆಗಸ್ಟಿನಲ್ಲಿ ವಿಧಾನಸಭೆಯಲ್ಲಿ ಮಂಡಿಸಿತು. ದೊಡ್ಡ ಕಾರ್ಯಕ್ರಮ ನಡೆಸುವವರು ಮುಂಚಿತವಾಗಿ ಅನುಮತಿ ಕೇಳಬೇಕೆಂಬುದು ಅದರ ತಿರುಳು. ಹಾಗೆ ಕೇಳುವ ಅರ್ಜಿಯಲ್ಲಿಯೇ ಇನ್ನೆರಡು ಕಾಲಂ ಸೇರಲಿ: ಮೈದಾನದ ಒಟ್ಟು ಸಾಮರ್ಥ್ಯದಲ್ಲಿ ಪಾಸು, ಪ್ರಾಯೋಜಕರ ಪಾಲು, ಮುಂಗಡ ಮಾರಾಟ ಮತ್ತು ಸಾರ್ವಜನಿಕ ಮಾರಾಟ ಎಷ್ಟೆಷ್ಟು, ಮರುಮಾರಾಟಕ್ಕೆ ಅಧಿಕೃತ ಮಾರ್ಗ ಯಾವುದು. ಆ ಪುಟವನ್ನು ಟಿಕೆಟ್ ಮಾರಾಟಕ್ಕೆ ಒಂದು ವಾರ ಮೊದಲು ಜಾಲತಾಣದಲ್ಲಿ ಹಾಕಲಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗುಮಾಸ್ತರು ದಿನವೂ ಮಾಡುವ ಕೆಲಸ ಇದು. ಹೊಸ ಇಲಾಖೆಯೇನೂ ಬೇಕಿಲ್ಲ.