ವರ್ಷವಿಡೀ ಸೈಕಲ್ ಮೇಲೆ ಶಾಲೆಗೆ ಹೋಗಲು ಆಗುತ್ತದೆಯೇ?



ನಿಮ್ಮ ಭೂಗೋಲ ಪುಸ್ತಕದ ನಕಾಶೆ ತೆಗೆದು ನೋಡಿರಿ. ಯುರೋಪಿನ ಉತ್ತರಕ್ಕೆ ಫಿನ್‌ಲ್ಯಾಂಡ್ ದೇಶವಿದೆ. ಅದರ ಪಶ್ಚಿಮ ಕರಾವಳಿಯಲ್ಲಿ, 65 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಔಲು ಎಂಬ ಪಟ್ಟಣವಿದೆ. ನಮ್ಮ ಜತ್ತ ಇರುವುದು 17 ಡಿಗ್ರಿ ಅಕ್ಷಾಂಶದ ಹತ್ತಿರ. ಔಲುವಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಎರಡರ ಸುಮಾರಿಗೆ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 9–10 ಡಿಗ್ರಿ ಕೆಳಗೆ. ನೆಲದ ಮೇಲೆ ತಿಂಗಳುಗಟ್ಟಲೆ ಹಿಮ. ಇಂಥ ಊರಿನ ಒಂದು ಶಾಲೆಯಲ್ಲಿ ಸುಮಾರು 1,200 ಮಕ್ಕಳಿದ್ದು, ಅವರಲ್ಲಿ ಹೆಚ್ಚುಕಡಿಮೆ 1,000 ಮಂದಿ ಚಳಿಗಾಲದಲ್ಲಿಯೂ ಸೈಕಲ್ ತುಳಿದುಕೊಂಡೇ ಶಾಲೆಗೆ ಬರುತ್ತಾರೆ!

"ಅಲ್ಲಿ ಹಿಮದಾಗ ಬರ್ತಾರಂದ್ರ ನಮಗೇನು ಧಾಡಿ?" ಎಂದು ಯಾರಾದರೂ ನಿಮ್ಮನ್ನು ಗದರಿಸಬಹುದು. ಆದರೆ ಹಾಗೆ ಅವಸರದಿಂದ ತೀರ್ಪು ಕೊಡುವುದು ವಿಜ್ಞಾನವಲ್ಲ. ನಮ್ಮಲ್ಲಿ ಹಿಮ ಇಲ್ಲ, ಖರೆ. ಆದರೆ ಆಷಾಢದ ಗಾಳಿ ಇದೆ, ಎರೆ ಮಣ್ಣಿನ ರಾಡಿ ಇದೆ, ಜಾಲಿ ಮುಳ್ಳು ಇದೆ, ಏಪ್ರಿಲ್ ತಿಂಗಳ ಬಿಸಿಲು ಇದೆ. ಒಂದೊಂದನ್ನೇ ಎತ್ತಿಕೊಂಡು ಲೆಕ್ಕ ಹಾಕಿ ನೋಡೋಣ ಬನ್ನಿ.

ಔಲುವಿನ ಮಕ್ಕಳು ಹೇಗೆ ಬರುತ್ತಾರೆ?

ಚಳಿಯಲ್ಲಿ ಸೈಕಲ್ ಹೊಡೆದರೆ ಎದುರಿನ ಗಾಳಿ ಮೈಯ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು, ಗಾಳಿ ಗಂಟೆಗೆ 20 ಕಿ.ಮೀ. ವೇಗದಿಂದ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದಂತೆ ಅನಿಸುತ್ತದೆ. ಆದರೆ ಅವರಿಗೆ ಒಂದು ಅನುಕೂಲವೂ ಇದೆ. ನಮ್ಮ ಸ್ನಾಯುಗಳು ಅನ್ನದಿಂದ ಪಡೆದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಪೆಡಲ್‌ಗೆ ಕೊಡುತ್ತವೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಹೊರಬೀಳುತ್ತದೆ. ಅಂದರೆ ಸೈಕಲ್ ತುಳಿಯುವವನ ಮೈಯೊಳಗೇ ಒಂದು ಒಲೆ ಉರಿಯುತ್ತಿರುತ್ತದೆ. ಕೈಗವಸು, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಮೈ ಬೆಚ್ಚಗಾಗುತ್ತದೆ.

ಜಾರುವುದಿಲ್ಲವೇ? ಬಹಳ ಚಳಿ ಇದ್ದಾಗ ಹಿಮ ಒಣಗಿದಂತೆ ಇರುತ್ತದೆ, ಅದರ ಮೇಲೆ ಟಾಯರ್ ಹಿಡಿತ ಸಿಗುತ್ತದೆ. ಉಷ್ಣತೆ ಸೊನ್ನೆಯ ಹತ್ತಿರ ಬಂದು ಹಿಮ ಕರಗಿ, ಮತ್ತೆ ಗಡ್ಡೆಕಟ್ಟಿದಾಗಲೇ ಹೆಚ್ಚು ಜಾರುತ್ತದೆ. ಅದಕ್ಕೆ ಸಣ್ಣ ಲೋಹದ ಮೊಳೆಗಳಿರುವ ಟಾಯರ್ ಬಳಸುವವರೂ ಇದ್ದಾರೆ.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಔಲುವಿನಲ್ಲಿ ಸೈಕಲ್‌ಗೆ, ನಡೆಯುವವರಿಗೆ ಅಂತಲೇ 900 ಕಿ.ಮೀ.ಗೂ ಹೆಚ್ಚು ದಾರಿಗಳಿವೆ. ಮುಖ್ಯ ದಾರಿಗಳಲ್ಲಿ ಬಿದ್ದ ಹಿಮವನ್ನು ಜನ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಡುವ ಮೊದಲೇ ಯಂತ್ರದಿಂದ ಬಳಿದು, ಹರಳು ಚೆಲ್ಲಿರುತ್ತಾರೆ. 2013ರಲ್ಲಿ ಚಳಿಗಾಲದ ಸೈಕಲ್ ಸವಾರಿಯ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಅದೇ ಊರಿನಲ್ಲಿ. ಅಂದರೆ ಅಲ್ಲಿನ ಮಕ್ಕಳು ನಮಗಿಂತ ಗಟ್ಟಿಯಾಗಿದ್ದಾರೆ ಅಂತಲ್ಲ, ಅವರ ದಾರಿ ಗಟ್ಟಿಯಾಗಿದೆ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ.

ನಮ್ಮ ಗಾಳಿಯ ಲೆಕ್ಕ

ಜತ್ತ ತಾಲೂಕಿನ ಬಯಲಿನಲ್ಲಿ ಸಾಲಾಗಿ ನಿಂತ ಪವನಚಕ್ಕಿಗಳನ್ನು ನೀವು ನೋಡಿಯೇ ಇರುತ್ತೀರಿ. ಅವುಗಳನ್ನು ಇಲ್ಲೇ ಯಾಕೆ ತಂದು ನಿಲ್ಲಿಸಿದರು? ಇಲ್ಲಿ ಗಾಳಿ ಜೋರು, ಅದಕ್ಕೆ. ನೈಋತ್ಯ ಮಾನ್ಸೂನ್ ಗಾಳಿ ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿ ಏರುವಾಗ ತನ್ನ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗಿಂತ ಹೆಚ್ಚು ಮಳೆ. ನಮ್ಮಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು. ಮಳೆ ಅಲ್ಲಿ ಉಳಿಯುತ್ತದೆ, ಗಾಳಿ ಮಾತ್ರ ನಮ್ಮ ಪಾಲಿಗೆ ಬರುತ್ತದೆ. ಪವನಚಕ್ಕಿಯ ರೆಕ್ಕೆ ತಿರುಗಿಸುವ ಅದೇ ಗಾಳಿ ನಿಮ್ಮ ಸೈಕಲ್ಲನ್ನು ಹಿಂದಕ್ಕೆ ದಬ್ಬುತ್ತದೆ.

ಎಷ್ಟು ದಬ್ಬುತ್ತದೆ? ಗಾಳಿಯ ಅಡ್ಡಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಅಡ್ಡಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ನೀವು, ನಿಮ್ಮ ಸೈಕಲ್, ದಪ್ತರ ಎಲ್ಲ ಕೂಡಿ 65 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಗಾಳಿ ಇಲ್ಲದ ದಿನ, ಸಪಾಟಾದ ರಸ್ತೆಯ ಮೇಲೆ, ಗಂಟೆಗೆ 12 ಕಿ.ಮೀ. ವೇಗದಿಂದ ಹೊರಟಿದ್ದೀರಿ. ಆಗ ಟಾಯರ್ ಉರುಳುವ ಘರ್ಷಣೆ ಸುಮಾರು 6.5 ನ್ಯೂಟನ್, ಗಾಳಿಯ ಅಡ್ಡಿ ಸುಮಾರು 3.5 ನ್ಯೂಟನ್. ಒಟ್ಟು 10 ನ್ಯೂಟನ್.

ಈಗ ಗಂಟೆಗೆ 12 ಕಿ.ಮೀ. ವೇಗದ ಎದುರು ಗಾಳಿ ಬಿಟ್ಟಿತು ಅನ್ನಿರಿ. ನಿಮ್ಮ ಮುಖಕ್ಕೆ ಹೊಡೆಯುವ ಗಾಳಿಯ ವೇಗ 12 ಕೂಡಿಸು 12, ಅಂದರೆ 24 ಕಿ.ಮೀ. ಗಾಳಿಯ ಅಡ್ಡಿ ನಾಲ್ಕು ಪಟ್ಟಾಗಿ 14 ನ್ಯೂಟನ್ ಆಗುತ್ತದೆ. ಘರ್ಷಣೆಯ 6.5 ಸೇರಿಸಿದರೆ ಸುಮಾರು 20 ನ್ಯೂಟನ್. ಅದೇ ರಸ್ತೆ, ಅದೇ ಸೈಕಲ್, ಆದರೆ ಶ್ರಮ ಮಾತ್ರ ಎರಡು ಪಟ್ಟು! "ಸರ್, ಗಾಳಿ ಬಿಟ್ರ ಸೈಕಲ್ ಮುಂದಕ್ಕ ಹೋಗೂದೇ ಇಲ್ರಿ" ಎಂದು ನೀವು ಹೇಳುವುದು ನೆಪವಲ್ಲ, ಅದು ಭೌತಶಾಸ್ತ್ರ.

ಹಾಗಾದರೆ ಉಪಾಯವೇನು? ಎದುರು ಗಾಳಿಯಲ್ಲಿ ವೇಗವನ್ನು ಗಂಟೆಗೆ 8 ಕಿ.ಮೀ.ಗೆ ಇಳಿಸಿರಿ. ಆಗ ಬೇಕಾಗುವ ಸಾಮರ್ಥ್ಯ ಸುಮಾರು 36 ವ್ಯಾಟ್. ಗಾಳಿ ಇಲ್ಲದ ದಿನ 12 ಕಿ.ಮೀ. ವೇಗಕ್ಕೆ ಬೇಕಾಗುವುದು ಸುಮಾರು 33 ವ್ಯಾಟ್. ಎರಡೂ ಹತ್ತಿರ ಹತ್ತಿರ. ಶಾಲೆ 6 ಕಿ.ಮೀ. ದೂರ ಇದ್ದರೆ 30 ನಿಮಿಷದ ಬದಲು 45 ನಿಮಿಷ ಹಿಡಿಯುತ್ತದೆ. ಅಂದರೆ ಆಷಾಢದಲ್ಲಿ 15 ನಿಮಿಷ ಮೊದಲು ಮನೆ ಬಿಟ್ಟರೆ, ಉಸಿರು ಕಟ್ಟದೆ ಶಾಲೆ ಮುಟ್ಟಬಹುದು.

ಇನ್ನೊಂದು ಮಾತು. ಮಳೆಗಾಲದ ಗಾಳಿ ಹೆಚ್ಚಾಗಿ ಪಡುವಣ ದಿಕ್ಕಿನಿಂದ ಬರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಅದರ ಜೋರು ಏರುತ್ತದೆ. ನಿಮ್ಮ ಶಾಲೆ ಊರಿಗೆ ಪಡುವಣಕ್ಕಿದ್ದರೆ ಬೆಳಿಗ್ಗೆ ಎದುರು ಗಾಳಿ, ಸಂಜೆ ಬೆನ್ನಿಗೆ ಗಾಳಿ. ಮೂಡಣಕ್ಕಿದ್ದರೆ ಉಲ್ಟಾ: ದಣಿದ ಹೊತ್ತಿನಲ್ಲೇ ಗಾಳಿಯ ಕೂಡ ಕುಸ್ತಿ. ನಾಲ್ಕು ಜನ ಕೂಡಿ ಹೋಗುವವರಾದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿರಿ. ಮುಂದಿನವರು ಗಾಳಿ ಒಡೆಯುತ್ತಾರೆ, ಹಿಂದಿನವರಿಗೆ ಹಗುರವಾಗುತ್ತದೆ. ಪಾಳಿ ಪ್ರಕಾರ ಮುಂದಿನವರು ಹಿಂದೆ ಬರಬೇಕು. ಬ್ರೇಕ್ ಹಾಕಲು ಸಾಕಷ್ಟು ಅಂತರವಂತೂ ಇರಲೇಬೇಕು.

ಮುಳ್ಳು, ರಾಡಿ, ಬಿಸಿಲು

ನಮ್ಮ ಸೈಕಲ್ಲಿನ ದೊಡ್ಡ ವೈರಿ ಮುಳ್ಳು. ಜಾಲಿ ಮುಳ್ಳು ಬೇಲಿಯಿಂದ ಬೀಳುತ್ತದೆ, ನೆಗ್ಗಿಲ ಮುಳ್ಳು ನೆಲದ ಮೇಲೆಯೇ ಹಬ್ಬುತ್ತದೆ. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಬೀಜ ದೂರ ಸಾಗಿಸಲು ಆ ಗಿಡ ಕಂಡುಕೊಂಡ ದಾರಿ ಅದು: ದನದ ಗೊರಸು, ಮಾಡಗ್ಯಾಳ ಕುರಿಯ ಕಾಲು, ಈಗ ನಿಮ್ಮ ಟಾಯರ್. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟಾಯರ್ ಮತ್ತು ಹೊಸ ಟ್ಯೂಬಿನ ನಡುವೆ ಹಾಸಿದರೆ ಸಣ್ಣ ಮುಳ್ಳುಗಳು ಒಳಗೆ ಮುಟ್ಟುವುದಿಲ್ಲ. ಹವಾ ಕಡಿಮೆ ಇರುವ ಟಾಯರ್ ಹೆಚ್ಚು ಅಗಲವಾಗಿ ನೆಲಕ್ಕೆ ಕೂಡುತ್ತದೆ, ಉರುಳುವ ಘರ್ಷಣೆಯೂ ಏರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹವಾ ನೋಡಿಕೊಳ್ಳಿರಿ.

ಮಳೆ ಬಿದ್ದಾಗ ಎರೆ ಮಣ್ಣಿನ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಟಾಗುತ್ತವೆ. ಮಡ್‌ಗಾರ್ಡ್ ಮತ್ತು ಟಾಯರ್ ನಡುವೆ ಆ ಅಂಟು ತುಂಬಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಕ್ಯಾರಿಯರ್‌ಗೆ ಒಂದು ಚಪ್ಪಟೆ ಕಟ್ಟಿಗೆ ತುಂಡು ಸಿಗಿಸಿ ಇಟ್ಟರೆ ಕೆರೆದು ತೆಗೆಯಲು ಬರುತ್ತದೆ. ಹಳ್ಳ ತುಂಬಿ ಹರಿಯುವಾಗ, ಸಿಡಿಲು ಹೊಡೆಯುವಾಗ ಮಾತ್ರ ಯಾವ ಉಪಾಯವೂ ಬೇಡ. ಆ ದಿನ ಶಾಲೆ ತಪ್ಪಿದರೂ ಚಿಂತೆಯಿಲ್ಲ.

ಬಿಸಿಲಿನ ಲೆಕ್ಕ ಔಲುವಿನದಕ್ಕೆ ಉಲ್ಟಾ. ಅಲ್ಲಿ ವರವಾದ ಮೈಯೊಳಗಿನ ಒಲೆ ಇಲ್ಲಿ ಭಾರವಾಗುತ್ತದೆ. 33 ವ್ಯಾಟ್ ಪೆಡಲ್‌ಗೆ ಹೋದರೆ ಸುಮಾರು 100 ವ್ಯಾಟ್ ಶಾಖವಾಗುತ್ತದೆ. ಅರ್ಧ ತಾಸಿಗೆ 180 ಕಿಲೋಜೂಲ್. ಒಂದು ಗ್ರಾಂ ಬೆವರು ಆವಿಯಾದರೆ 2.4 ಕಿಲೋಜೂಲ್ ಶಾಖ ಹೊರಟುಹೋಗುತ್ತದೆ. ಭಾಗಾಕಾರ ಮಾಡಿರಿ: 75 ಗ್ರಾಂ ಬೆವರು. ಇದು ಬರೀ ತುಳಿದ ಶ್ರಮಕ್ಕೆ. ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾಗಿದ್ದರೆ, ನೆತ್ತಿಯ ಮೇಲೆ ಸೂರ್ಯನಿದ್ದರೆ ಇನ್ನೂ ಹೆಚ್ಚು ಬೇಕು. ಅದಕ್ಕೇ ಬೇಸಿಗೆಯಲ್ಲಿ ಮುಂಜಾನೆ ಶಾಲೆ ಇಡುತ್ತಾರೆ. ಶಾಲೆ ಬಿಟ್ಟು ಮರಳುವಾಗ ಹೊರಡುವ ಮೊದಲೇ ನೀರು ಕುಡಿಯಿರಿ, ತಲೆಗೆ ಬಿಳಿ ಟವೆಲ್ ಸುತ್ತಿಕೊಳ್ಳಿರಿ. ತಲೆ ತಿರುಗಿದರೆ ಇಳಿದು ನೆರಳಿಗೆ ಹೋಗಿರಿ.

ನಮ್ಮ ಚಳಿಗಾಲವೋ ಸೈಕಲ್‌ಗೆ ಹೇಳಿ ಮಾಡಿಸಿದ್ದು. ಆದರೆ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವುದೂ ಆಗಲೇ, ಸಂಜೆ ಬೇಗ ಕತ್ತಲಾಗುವುದೂ ಆಗಲೇ. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು ರಿಫ್ಲೆಕ್ಟರ್ ತಪ್ಪದೆ ಹಾಕಿಸಿರಿ. ಬೆಳಕು ಬಂದ ದಿಕ್ಕಿಗೇ ಅದನ್ನು ಮರಳಿಸುವ ಗುಣ ಅದರದ್ದು, ಆದ್ದರಿಂದ ಗಾಡಿ ಹೊಡೆಯುವವನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ.

ಆರು ಕಿಲೋಮೀಟರಿನ ಬೆಲೆ

ಇಷ್ಟೆಲ್ಲ ಲೆಕ್ಕ ಯಾಕೆ ಹಾಕಬೇಕು? ನಮ್ಮ ಹಲವು ಊರುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಏಳನೆಯ ಅಥವಾ ಎಂಟನೆಯ ತರಗತಿಗೆ ನಿಲ್ಲುತ್ತದೆ. ಮುಂದೆ ಕನ್ನಡದಲ್ಲೇ ಕಲಿಯಬೇಕೆಂದರೆ ಬೇರೆ ಊರಿನ ಹೈಸ್ಕೂಲಿಗೆ ಹೋಗಬೇಕು. ಎಸ್.ಟಿ. ಬಸ್ಸು ಶಾಲೆಯ ವೇಳೆಗೆ ಸಿಕ್ಕರೆ ಸರಿ, ಸಿಗದಿದ್ದರೆ? "ಅಷ್ಟು ದೂರ ಹುಡುಗೀನ ಹೆಂಗ ಕಳಸೂದು?" ಎಂಬ ಮಾತು ಬಂತೆಂದರೆ ಎಷ್ಟೋ ಹುಡುಗಿಯರ ಓದು ಅಲ್ಲಿಗೇ ಮುಗಿಯಿತು. ನಿಮ್ಮ ತರಗತಿಯಲ್ಲೇ ಎಣಿಸಿ ನೋಡಿರಿ: ಏಳನೆಯಲ್ಲಿ ನಿಮ್ಮ ಜೊತೆಗಿದ್ದ ಎಷ್ಟು ಗೆಳತಿಯರು ಇಂದು ಹಾಜರಿಯಲ್ಲಿಲ್ಲ?

ಸೈಕಲ್ ಇದನ್ನು ಬದಲಿಸಬಲ್ಲದೇ? ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಿಸಲು ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅದರ ಪರಿಣಾಮವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತ್ತು. ಹೆಚ್ಚಿನ ಲಾಭ ಕಂಡದ್ದು ಶಾಲೆ 3 ಕಿ.ಮೀ. ಅಥವಾ ಅದಕ್ಕಿಂತ ದೂರ ಇದ್ದ ಊರುಗಳಲ್ಲಿ. ಗಡಿಯಾಚೆ ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿರುವ ನಿಮ್ಮ ಅತ್ತೆ-ಮಾವಂದಿರ ಮಕ್ಕಳನ್ನೂ ಕೇಳಿ ನೋಡಿರಿ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ತಂದಿತ್ತು.

ಹಾಗಂತ ಸೈಕಲ್ ಎಲ್ಲದಕ್ಕೂ ಮದ್ದಲ್ಲ. ಶಾಲೆ 12–15 ಕಿ.ಮೀ. ದೂರ ಇದ್ದರೆ, ದಾರಿ ಲಾರಿಗಳ ಹೆದ್ದಾರಿಯಾಗಿದ್ದರೆ ಬಸ್ಸೇ ಬೇಕು, ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ 3ರಿಂದ 7 ಕಿ.ಮೀ. ದೂರಕ್ಕೆ, ವರ್ಷದ ಬಹುಪಾಲು ದಿನ, ಹವಾಮಾನ ಸೈಕಲ್‌ಗೆ ಅಡ್ಡಿಯಲ್ಲ ಎಂದು ಮೇಲಿನ ಲೆಕ್ಕ ಹೇಳುತ್ತದೆ. ಅಡ್ಡಿ ಇರುವುದು ದಾರಿಯಲ್ಲಿ: ಕೊಚ್ಚಿಹೋದ ಮೋರಿ, ರಸ್ತೆಗೆ ಚಾಚಿದ ಜಾಲಿ, ಖಡಿ ಎದ್ದ ತಿರುವು, ದೀಪವಿಲ್ಲದ ಕೂಡುದಾರಿ. ಔಲುವಿನಲ್ಲಿ ಹಿಮ ಬಳಿಯುತ್ತಾರೆ. ನಮ್ಮಲ್ಲಿ ಜಾಲಿ ಕಡಿಯಬೇಕು, ಅಷ್ಟೇ ವ್ಯತ್ಯಾಸ.

ಮಾಡಿ ನೋಡಿರಿ

1. ರಸ್ತೆ ಬದಿಯ ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ದೂರಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂದು ಬೆಳಿಗ್ಗೆ, ಸಂಜೆ ಬರೆದಿಡಿರಿ.

2. ಕೋಲಿಗೆ ಒಂದು ಬಟ್ಟೆ ತುಂಡು ಕಟ್ಟಿ ಗಾಳಿಯ ದಿಕ್ಕನ್ನು ಅದರ ಪಕ್ಕದಲ್ಲೇ ದಾಖಲಿಸಿರಿ.

3. ಪಂಕ್ಚರ್ ಆದ ಜಾಗ, ರಾಡಿ ಸಿಕ್ಕ ಜಾಗ, ಇಳಿದು ನಡೆದ ಜಾಗಗಳನ್ನು ಒಂದು ನಕಾಶೆಯಲ್ಲಿ ಗುರುತು ಮಾಡಿರಿ.

ಜೂನ್‌ದಿಂದ ಏಪ್ರಿಲ್‌ವರೆಗೆ ತರಗತಿಯವರೆಲ್ಲ ಕೂಡಿ ಇದನ್ನು ಮಾಡಿದರೆ ತಿಂಗಳವಾರು ಆಲೇಖ ತೆಗೆಯಬಹುದು. ಒಂದೇ ಜಾಗದಲ್ಲಿ ಹತ್ತು ಮಂದಿಯ ಪಂಕ್ಚರ್ ಗುರುತು ಬಿದ್ದರೆ, ಅದು ಇನ್ನು ಮೇಲೆ ಯಾರೋ ಒಬ್ಬರ ದೂರು ಅಲ್ಲ, ಪುರಾವೆ. ಆ ನಕಾಶೆಯ ಒಂದು ಪ್ರತಿಯನ್ನು ನಿಮ್ಮ ಗುರುಗಳ ಸಹಿಯೊಂದಿಗೆ ಗ್ರಾಮಸಭೆಗೆ ಕೊಡಿರಿ. ಇನ್ನೊಂದು ಪ್ರತಿಯನ್ನು, ಏಳನೆಯ ತರಗತಿಗೆ ಓದು ನಿಲ್ಲಿಸಿದ ನಿಮ್ಮ ಗೆಳತಿಯ ಮನೆಗೆ ಒಯ್ದು, ಅವಳ ಅವ್ವ-ಅಪ್ಪನಿಗೆ ತೋರಿಸಿರಿ.